ಗೆಡ್ಡಿ ಬಳ್ಳಿ ಎಣಿಸಿ ಕಟಗಿ ಲೆಕ್ಕ ಕೊಟ್ಟೆ

ಹೋದ ಜನವರಿಯಾಗ ದಾಂಡೇಲಿ ಸಂತಿಗೆ ಹೋಗಿದ್ದೆ. ನಾ ಯಾವಾಗ್ಲೂ ಗೆಡ್ಡಿ-ಗೆಣಸು ತಗೊಳ್ಳೋದು ಒಬ್ಬಾಕಿ ಮಾವಶಿ ಕಡೆ; ಸಂಬಂಧ ಏನಿಲ್ಲ, ವಯಸ್ಸಾದಾಕಿ ಅಂತ ಹಂಗ ಕರೀತೇನಿ. ಅವತ್ತ ಅಕಿ ತೂಕ ಮಾಡೋದ ಬಿಟ್ಟು, ಕುಂತಿದ್ದ ಗೋಣಿಚೀಲದ ಕೆಳಗಿಂದ ಒಂದು ಕಾಗದ ತಗದು ನನ್ನ ಕೈಯಾಗ ಇಟ್ಲು. ಉಪ್ಪಿನ ಪಾಕೀಟಿನ ಪ್ಲಾಸ್ಟಿಕ್‌ನ್ಯಾಗ ಸುತ್ತಿ, ಮ್ಯಾಲೆ ರಬ್ಬರ್ ಹಾಕಿದ್ಲು.

"ಓದಿ ಹೇಳ, ಬಾಯಿ. ನನ್ನ ಹೊಲಕ್ಕ ಏನಾಗೇತಂತ?"

ನಾ ಓದಿದೆ. ಎರಡನೇ ಪುಟದಾಗ ಒಂದು ಬಣ್ಣದ ಫೋಟೋ ಇತ್ತು, ಆಕಾಶದಿಂದ ತಗದದ್ದು. ಅದರ ಮ್ಯಾಲೆ ಹಳದಿ ಗೆರಿ ಎಳದು ಒಂದು ತುಂಡು ಭೂಮಿ ಸುತ್ತಿದ್ರು. ಕೆಳಗ ಮೂಲ್ಯಾಗ ಸಣ್ಣಂಗ ಎರಡು ಅಕ್ಷರ, ಗೆರಿ ಎಳದವರು ಯಾರು ಅಂತ ಗೊತ್ತಾಗಲಿ ಅಂತ ಹಾಕೋದು. ಆ ಎರಡೂ ಅಕ್ಷರ ನನ್ನ ಹೆಸರಿನವು.

ಸಂತ್ಯಾಗ ನಿಂತಲ್ಲೇ ನನ್ನ ಕಿವಿ ಬಂದ್ ಆದಂಗಾತು. ಬಾಜೂಕ ಮೀನ ಮಾರಾಕಿ ಏನೋ ಒದರಾಕ್ಹತ್ತಿದ್ಲು, ಬಾಯಿ ಅಷ್ಟ ಕಾಣ್ತಿತ್ತು.

ಇದನ್ನ ಬರೀಬೇಕೋ ಬ್ಯಾಡೋ ಅಂತ ಭಾಳ ದಿನ ತಲಿ ಕೆಡಿಸಿಕೊಂಡೆ. ಬರೀತೇನಿ. ಓದಿ ಬೈಯವರು ಬೈಯ್ರಿ, ನಾ ಏನೂ ಅನ್ನಂಗಿಲ್ಲ.

ಮೊದಲ ನನ್ನ ಕೆಲಸ ಏನಂತ ಹೇಳ್ತೇನಿ. ನಮ್ಮಪ್ಪ ಧಾರವಾಡ ಕಡೆಯಿಂದ ದಾಂಡೇಲಿ ಕಾಗದದ ಮಿಲ್ಲಿಗೆ ಬಂದವ್ರು. ಮಿಲ್ಲಿನ ಕಟಗಿ ಅಂಗಳದಾಗ ಟೇಪ್ ಹಿಡದು ಬೊಡ್ಡಿ ಸುತ್ತಳತಿ ಬರಕೊಳ್ಳೋ ಕೆಲಸ ಅವರದು. ಮನಿಯಾಗ ರೊಟ್ಟಿ ಮುಂದ ಕುಂತಾಗೂ ಕಟಗಿ ಮಾತ. ಹಿಂಗಾಗಿ ಮರ ಕಂಡ್ರ ನಾವು ಹೂವು-ನೆಳ್ಳು ನೋಡೂ ಪೈಕಿ ಅಲ್ಲ, ಸುತ್ತಳತಿ ಎಷ್ಟು ಅಂತ ಕಣ್ಣಾಗ ಅಳೀತೇವಿ. ನಾ ಬಿ.ಎಸ್ಸಿ. ಮುಗಿಸಿ, ಮದಿವ್ಯಾಗಿ, ಮಕ್ಕಳು ಕಾಲೇಜಿಗೆ ಹತ್ತಿದ ಮ್ಯಾಲೆ ಕಂಪ್ಯೂಟರ್ ಕಲತು ಹಳಿಯಾಳದಾಗ ಒಂದು ಸಣ್ಣ ಖಾಸಗಿ ಆಫೀಸ್ ಸೇರಿದೆ. ಮೂರು ಕಂಪ್ಯೂಟರ್, ಒಂದು ಪಂಖಾ, ಒಬ್ರು ಸರ್. ಸರ್ ನನಗಿಂತ ಹದಿನೈದು ವರ್ಷ ಸಣ್ಣವ್ರು, ಆದ್ರೂ ಸರ್ ಸರ್‌ನ.

ಸ್ಯಾಟಲೈಟ್‌ನಿಂದ ತಗದ ಕಾಡಿನ ಫೋಟೋ ನೋಡಿ ನಾವು ಎರಡು ಲೆಕ್ಕ ಕೊಡ್ತೇವಿ. ಮರದ ತಲಿ ಸೇರಿ ನೂರಕ್ಕ ಎಷ್ಟು ನೆಲ ಮುಚ್ಚೇತಿ ಅನ್ನೋದೊಂದು. ಅಲ್ಲೆ ನಿಂತ ಕಟಗಿ ಎಷ್ಟು ಘನ ಮೀಟರ್ ಅನ್ನೋದು ಇನ್ನೊಂದು. ಮ್ಯಾಲಿಂದ ನೋಡಿದ್ರ ಬೊಡ್ಡಿ ಎಲ್ಲಿ ಕಾಣಬೇಕ್ರಿ, ತಲಿ ಅಷ್ಟ ಕಾಣತೈತಿ. ಅದಕ್ಕ ತಲಿ ಅಗಲ ಅಳದು, ಇಷ್ಟು ಅಗಲ ತಲಿ ಇದ್ರ ಕೆಳಗ ಬೊಡ್ಡಿ ಇಷ್ಟು ದಪ್ಪ ಇರಬೇಕು ಅಂತ ಸೂತ್ರ ಹಾಕ್ತೇವಿ. ಆ ಸೂತ್ರ ಮಾಡಾಕ ಹಳಿಯಾಳ, ಮುಂಡಗೋಡ ಕಡೆ ಸಾಗವಾನಿ ತೋಪಿನ್ಯಾಗ ನಾನ ಟೇಪ್ ಹಿಡದು ತಿಂಗಳಾನಗಟ್ಲೆ ಅಡ್ಡಾಡೇನಿ. ಎದಿ ಎತ್ತರಕ್ಕ ಟೇಪ್ ಸುತ್ತೋದು, ತಲಿ ಅಂಚು ಎಲ್ಲಿಗೆ ಮುಗೀತೈತಿ ಅಂತ ಕುತಗಿ ಎತ್ತಿ ನೋಡೋದು, ಅದರ ನೆಟ್ಟಗ ಕೆಳಗ ಕಲ್ಲಿಟ್ಟು ಅಳಿಯೋದು. ಮುಂಡಗೋಡದಾಗ ಸೂತ್ರ ಎಷ್ಟು ಛಂದ ಕೂತಿತ್ತಂದ್ರ, ಫೋಟೋ ನೋಡಿ ಹೇಳಿದ್ದಕ್ಕೂ ನೆಲದಾಗ ಅಳದದ್ದಕ್ಕೂ ಎರಡು ಬೊಟ್ಟಿನ ಫರಕು ಇರತಿತ್ತು ಅಷ್ಟ. ಸೊಕ್ಕು ಬಂದಿತ್ತು ನಂಗ, ಸುಳ್ಳ ಯಾಕ ಹೇಳ್ಲಿ.

ಫೋಟೋ ಯಾವ ತಿಂಗಳದ್ದು ಅನ್ನೋದೂ ದೊಡ್ಡ ವಿಷಯ. ಮಳಿಗಾಲದಾಗ ಬರೇ ಮೋಡ. ಬ್ಯಾಸಗ್ಯಾಗ ಸಾಗವಾನಿ ಎಲಿ ಉದುರಿಸಿ ಬೋಳಾಗಿ ನಿಂತಿರತಾವ, ಫೋಟೋ ನೋಡಿದ್ರ ಕಾಡ ಇಲ್ಲ ಅಂತೈತಿ. ಅದಕ್ಕ ದಸರಾ ಮುಗದು ದೀಪಾವಳಿ ಬರೋದ್ರಾಗ ತಗದ ಫೋಟೋನ ಬೇಕು ಅಂತ ಹಟ ಹಿಡದಾಕಿ ನಾನ. ಸರ್ "ಯಾವುದಾದ್ರೇನ್ರಿ ಮೇಡಂ" ಅಂದಿದ್ರು. "ಅಲ್ರಿ ಸರ್, ಆಮ್ಯಾಲೆ ತಪ್ಪಾದ್ರ ಯಾರ ಉತ್ತರ ಕೊಡಾವ್ರು" ಅಂತ ನಾನ ಪಾಠ ಹೇಳಿದ್ದೆ.

ಮುಂದ ಜೋಯಿಡಾ ಕಡೆ ಕೆಲಸ ಬಂತು. ಕಾಡಿನಾಗ ತಲೆತಲಾಂತರದಿಂದ ಹೊಲ ಮಾಡಿಕೊಂಡು ಬಂದವರು ಭೂಮಿ ಹಕ್ಕಿಗೆ ಅರ್ಜಿ ಹಾಕಿರತಾರಲ್ಲ, ಅವರ ತುಂಡುಗಳ ಫೋಟೋ ನೋಡಿ ವರದಿ ಕೊಡೋದು. ಕಾಡ ಐತೋ ಸಾಗುವಳಿ ಐತೋ ಅಂತ. ಒಂದೆರಡು ಕಡೆ ಹೋಗಿ ನೋಡಬೇಕಂತ ನಮ್ಮ ನಿಯಮ. ಹೋದ ದಿನ ಹಳ್ಳ ತುಂಬಿ ಹರೀತಿತ್ತು. ಜೀಪಿನವ ಇಳದು, ಚೊಣ್ಣ ಮ್ಯಾಲೆ ಮಾಡಿ ನಾಕು ಹೆಜ್ಜಿ ನೀರಾಗ ಹೋಗಿ, "ಇಲ್ರಿ, ಗಾಡಿ ಹೋಗತೈತಿ, ಬರಂಗಿಲ್ಲ" ಅಂದ. ಹೊಳ್ಳಿ ಬಂದ್ವಿ. ಬರೂಮುಂದ ಸರ್ "ಫೋಟೋದಾಗ ಎಲ್ಲಾ ಸ್ವಚ್ಛ ಕಾಣತೈತಲ್ರಿ, ಸಾಕು" ಅಂದ್ರು. ನಾನೂ ಸಾಕಂದೆ. ಅವತ್ತ ನಂಗ ಮನಿಯಾಗ ಬೀಗರು ಬರಾವ್ರಿದ್ರು.

ಇದಾಗಿ ವರ್ಷದ ಮ್ಯಾಲಾಗಿತ್ತು. ಈಗ ಸಂತ್ಯಾಗ ಅದ ವರದಿಯ ಒಂದು ಹಾಳಿ ನನ್ನ ಕೈಯಾಗ.

ಆ ಥರ ಫೋಟೋದಾಗ ಎಲಿ ಹಸರು ಕಾಣಂಗಿಲ್ಲ. ಕಣ್ಣಿಗೆ ಕಾಣದ ಬೆಳಕಿನ್ಯಾಗ ತಗೀತಾರ, ಅದರಾಗ ಎಲಿ ಕೆಂಪಗ ಬರತೈತಿ. ಎಲಿ ದಟ್ಟ ಇದ್ದಷ್ಟು ಕೆಂಪು ಗಾಢ. ಮಾವಶಿ ಆ ಕೆಂಪಿನ ಮ್ಯಾಲೆ ಬೊಟ್ಟಿಟ್ಟು ಕೇಳಿದ್ಲು.

"ಇದ್ಯಾಕ ಹಿಂಗ ಕೆಂಪ ಐತಿ? ನನ್ನ ಹೊಲದಾಗ ಯಾರನ್ನರ ಕಡದಾರೇನು?"

"ಇಲ್ಲ ಮಾವಶಿ. ಎಲಿ ಹಂಗ ಕಾಣತೈತಿ."

"ಕೆಳಗ ಏನ ಬರದಾರ?"

ಬರದದ್ದು ಹಿಂಗಿತ್ತು: ಸದರಿ ತುಂಡಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಭಾಗ ಮರಗಳ ಹೊದಿಕೆ ಇದ್ದು, ಬೆಲೆಬಾಳುವ ಕಟ್ಟಿಗೆ ಇರುತ್ತದೆ, ಸಾಗುವಳಿಯ ಕುರುಹು ಕಂಡುಬಂದಿರುವುದಿಲ್ಲ. ಈ ಸಾಲು ಟೈಪ್ ಮಾಡಿದಾಕಿನೂ ನಾನ. ಪ್ರತಿ ತುಂಡಿಗೂ ಹೊಸಾದ್ ಬರೀಬಾರದು ಅಂತ ಒಂದ ಸಾಲು ಮಾಡಿಟ್ಟು ಎಲ್ಲಾದಕ್ಕೂ ಅಂಟಿಸ್ತಿದ್ದೆ.

"ಅಲ್ಲೆ ಯಾರೂ ಏನೂ ಬೆಳಿಯಂಗಿಲ್ಲ, ಬರೇ ಮರ ಅದಾವ ಅಂತ ಬರದಾರ" ಅಂದೆ. ಬರದಾರ ಅಂದೆ ನೋಡ್ರಿ. ಬರದೇನಿ ಅನ್ನಾಕ ನಾಲಿಗಿ ಹೊಳ್ಳಲಿಲ್ಲ.

ಮಾವಶಿ ತನ್ನ ಮುಂದ ಹರವಿದ್ದ ಗೆಡ್ಡಿ ಗುಡ್ಡಿ ನೋಡಿದ್ಲು, ಆಮ್ಯಾಲೆ ನನ್ನ ನೋಡಿದ್ಲು.

"ಹಂಗಾದ್ರ ಇವನ್ನ ಎಲ್ಲಿಂದ ಅಗದು ತಂದೆ? ನಿನ್ನ ಹಿತ್ತಲದಾಗಿಂದ?"

ಹತ್ತು ದಿನಕ್ಕ ಜೋಯಿಡಾದಾಗ ವಿಚಾರಣಿ ಇತ್ತು. ಹೋಗಿ ತನ್ನ ಸಾಗುವಳಿ ಐತಿ ಅಂತ ತೋರಿಸಬೇಕು, ಇಲ್ಲಂದ್ರ ಅರ್ಜಿ ವಜಾ. ಒಂದೂವರಿ ಎಕರೆ. ಅಕಿ ಮಾವನ ಅಪ್ಪನ ಕಾಲದಿಂದ ಮಾಡಿದ್ದು. ಅದ ಬಿಟ್ರ ಅಕಿಗೂ ಅಕಿ ಸೊಸಿಗೂ ಕಾಲಿಡಾಕ ಬ್ಯಾರೆ ಜಾಗ ಇಲ್ಲ. ಇದನ್ನೆಲ್ಲ ಅಕಿ ಅಳಕೋತ ಹೇಳ್ಲಿಲ್ಲ. ತಕ್ಕಡಿಗೆ ಗೆಡ್ಡಿ ಹಾಕಿಕೋತ ಹೇಳಿದ್ಲು.

ಅವತ್ತ ಮನಿಗೆ ಬಂದು ಆ ಗೆಡ್ಡಿ ಪಲ್ಯ ಮಾಡೂಣಂತ ಕುಂತೆ, ಸಿಪ್ಪಿ ತಗಿಯಾಕ ಆಗಲಿಲ್ಲ. ಹತ್ತು ವರ್ಷದಿಂದ ತಿನ್ನಾಕ್ಹತ್ತೇನಿ. ಯಾವ ಹೊಲದಾಗ ಬೆಳೀತೈತಿ, ಹೆಂಗ ಬೆಳೀತೈತಿ ಅಂತ ಒಂದ ಸಲನೂ ಕೇಳಿದ್ದಿಲ್ಲ.

ಮೂರನೇ ದಿನಕ್ಕ ರಜಾ ಹಾಕಿ ಬಸ್ ಹತ್ತಿದೆ. ಜೋಯಿಡಾ ದಾಟಿ ಉಳವಿ ರಸ್ತಾದಾಗ ಇಳದು, ಒಳಗ ಒಂದು ತಾಸು ನಡದೆ. ಚೀಲದಾಗ ಟೇಪ್ ಇತ್ತು, ಆ ತುಂಡಿನ ಲೆಕ್ಕದ ಹಾಳಿ ಇತ್ತು. ನಿಜ ಹೇಳ್ತೇನಿ, ನಾ ಹೋದದ್ದು ನನ್ನ ಲೆಕ್ಕ ಸರಿ ಐತಿ ಅಂತ ಖಾತ್ರಿ ಮಾಡ್ಕೊಳ್ಳಾಕ. ಮಾವಶಿ ಹೊಲ ಬಾಜೂಕ ಎಲ್ಲೋ ಇರಬೇಕು, ಅರ್ಜಿಯಾಗ ಜಾಗ ತಪ್ಪು ತೋರಿಸಿರಬೇಕು, ಹಂಗಂತ ದಾರಿ ತುಂಬ ಅನಕೊಂಡ ಹೋದೆ.

ಮಾವಶಿ ಮತ್ತ ಅಕಿ ಸೊಸಿ ಕಬ್ಬಿಣದ ಹಾರಿ ಹಿಡದು ಗೆಡ್ಡಿ ಅಗ್ಯಾಕ್ಹತ್ತಿದ್ರು. ನನ್ನ ನೋಡಿ ಮಾವಶಿ ಸೊಸಿಗೆ ಕೊಂಕಣಿಯಾಗ ಏನೋ ಅಂದ್ಲು. ಸೊಸಿ ನಕ್ಕಳು.

"ಹೊಲ ಎಲ್ಲೈತಿ ಮಾವಶಿ?" ಅಂದೆ.

"ಹೊಲದಾಗ ನಿಂತ ಹೊಲ ಎಲ್ಲೈತಿ ಅಂತಿಯಲ್ಲ."

ನಾ ಸುತ್ತ ನೋಡಿದೆ. ಮೊಬೈಲಿನ್ಯಾಗ ಜಾಗ ತಗದು ನೋಡಿದೆ. ನನ್ನ ಹಳದಿ ಗೆರಿ ನಟ್ಟ ನಡುವ ನಿಂತಿದ್ದೆ. ನನ್ನ ಲೆಕ್ಕದ ಪ್ರಕಾರ ಅಲ್ಲೆ ಮ್ಯಾಲೆ ನೋಡಿದ್ರ ಆಕಾಶ ಕಾಣಬಾರದು. ಇಲ್ಲೆ ನೋಡಿದ್ರ ನೆತ್ತಿ ಮ್ಯಾಲೆ ಬಿಸಲ ಸುಡಾಕ್ಹತ್ತಿತ್ತು. ಬದುವಿನ ಮ್ಯಾಲೆ ಎರಡು ಹಲಸು, ಒಂದು ಮಾವು. ಬಾಕಿ ಅಷ್ಟೂ ಗೂಟ ನಿಂತಂಗ ನಿಂತ ಮರ. ಮತ್ತಿ, ಕಿಂದಳ, ನಂದಿ, ಎಲ್ಲಾದರದೂ ತಲಿ ಸವರಿದ್ರು. ಎರಡಾಳ ಎತ್ತರದ ಬೋಳ ಬೊಡ್ಡಿ, ತುದಿಯಾಗ ನಾಕು ಚಿಗುರು. ಪ್ರತಿ ಬೊಡ್ಡಿಗೂ ಒಣಗಿದ ಬಳ್ಳಿ ಹಗ್ಗ ಸುತ್ತಿದಂಗ ಸುತ್ತಿಕೊಂಡು ಕೆಳಗ ಜೋತ ಬಿದ್ದಿತ್ತು. ಬುಡದಾಗ ಮಣ್ಣ ಅಗದ ಗುಂಡಿ.

"ಮರದ ತಲಿ ಯಾಕ ಕಡದೀರಿ?"

"ಬಳ್ಳಿ ಹತ್ತಬೇಕಲ್ಲ" ಅಂದ್ಲು ಮಾವಶಿ. "ಬುಡದಾಗ ಗೆಡ್ಡಿ ಹಾಕ್ತೇವಿ, ಬಳ್ಳಿ ಬೊಡ್ಡಿ ಹಿಡದು ಮ್ಯಾಲೆ ಹೋಗತೈತಿ. ಮರ ತನ್ನ ಎಲಿ ಬಿಟಗೊಂಡು ನಿಂತ್ರ ಬಳ್ಳಿಗೆ ಬಿಸಲ ಎಲ್ಲಿಂದ? ಬ್ಯಾಸಗ್ಯಾಗ ಟೊಂಗಿ ಸವರತೇವಿ, ಆ ಸೊಪ್ಪು ಸುಟ್ಟು ಮಡಿಗೆ ಹಾಕ್ತೇವಿ."

"ಮರ ಪೂರಾ ಕಡಿಯಂಗಿಲ್ಲ?"

"ಕಡದ್ರ ಮುಂದಿನ ವರ್ಷ ಬಳ್ಳಿ ಏನು, ನಿನ್ನ ಮ್ಯಾಲೆ ಹತ್ತಿಸ್ಲಿ?"

ಸೊಸಿ ಮತ್ತ ನಕ್ಕಳು. ನಂಗ ನಗು ಬರಲಿಲ್ಲ. ಯಾಕಂದ್ರ ಮುಂದಿನ ಪ್ರಶ್ನೆ ನನ್ನ ತಲ್ಯಾಗ ಬಂದ ಕುಂತಿತ್ತು, ಉತ್ತರನೂ ಬಂದ ಕುಂತಿತ್ತು.

"ಬಳ್ಳಿಗೆ ಎಲಿ ಭಾಳ ಇರೋದು ಯಾವಾಗ?"

"ನವರಾತ್ರಿ ಮುಗದ ಮ್ಯಾಲೆ. ದೀಪಾವಳಿ ಹೊತ್ತಿಗೆ ಬಾ ನೀ, ಇಲ್ಲೆ ಕತ್ತಲಾಗಿರತೈತಿ. ಅಂಗೈಯಷ್ಟ ಎಲಿ, ಒಂದರ ಮ್ಯಾಲೊಂದ. ಪ್ರತಿ ಮರಕ್ಕೂ ಛತ್ರಿ ಹಿಡದಂಗ. ಆಮ್ಯಾಲೆ ಒಂದ ತಿಂಗಳಕ್ಕ ಒಣಗಿ ಉದರತೈತಿ, ನಾವು ಅಗಿಯಾಕ ಸುರು ಮಾಡ್ತೇವಿ."

ನಾ ಒಂದು ಗುಂಡಿ ಅಂಚಿಗೆ ಕುಂತಬಿಟ್ಟೆ.

ತಿಳೀತಲ್ಲ ನಿಮಗ? ಸಾಗವಾನಿ ಬೋಳಾಗಿರಬಾರದು ಅಂತ ನಾ ಹಟ ಹಿಡದು ಆರಿಸಿದ ತಿಂಗಳು ಇವರ ಗೆಡ್ಡಿ ಬಳ್ಳಿ ಎಲಿ ತುಂಬಿಕೊಂಡು ನಿಲ್ಲೋ ತಿಂಗಳು. ನಾ ಫೋಟೋದಾಗ ಒಂದೊಂದಾಗಿ ಅಳದ ಆ ಕೆಂಪ ಗುಂಡನ್ನ ತಲಿಗಳು ಮರದವಲ್ಲ. ಗೆಡ್ಡಿ ಎಲಿಯವು. ಆ ಎಲಿ ಛತ್ರಿಯ ಅಗಲ ಹಿಡದು ಮುಂಡಗೋಡ ಸಾಗವಾನಿ ಸೂತ್ರ ಹಾಕಿ ಬೊಡ್ಡಿ ದಪ್ಪ ತಗದಿದ್ದೆ. ಘನ ಮೀಟರ್ ಲೆಕ್ಕ ಕೊಟ್ಟಿದ್ದೆ, ಪಾಯಿಂಟ್ ಆದ ಮ್ಯಾಲೆ ಎರಡು ಅಂಕಿ ಹಾಕಿ. ಯಾವ ಬೆಳಿ ಐತಿ ಅಂತ ಅಕಿ ಅರ್ಜಿ ಹಾಕಿದ್ಲೋ, ಆ ಬೆಳಿನ್ನ ಎಣಿಸಿ, ಬೆಳಿ ಇಲ್ಲ ಅಂತ ಬರದಿದ್ದೆ.

ಚೀಲದಿಂದ ಟೇಪ್ ತಗದೆ. ಸುಮ್ಮನ ಕುಂತ್ರ ಹುಚ್ಚ ಹಿಡೀತಿತ್ತು. ಹಾಳಿಯಾಗಿನ ಮೊದಲನೇ ಮರ ಹುಡಕಿದೆ. ನನ್ನ ಲೆಕ್ಕದಾಗ ಅದರ ಬೊಡ್ಡಿ ತೆಕ್ಕಿಗೆ ಸಿಗಬಾರದು, ಇಬ್ಬರು ಕೈ ಕೈ ಹಿಡೀಬೇಕು. ಇಲ್ಲೆ ನನ್ನ ಎರಡು ಅಂಗೈ ಬೊಡ್ಡಿ ಸುತ್ತ ಹಿಡದ್ರ ಬೆರಳಿಗೆ ಬೆರಳ ಮುಟ್ಟಿದ್ವು. ಎರಡನೇದು, ಮೂರನೇದು, ಹಂಗ ಒಂದ ಇಪ್ಪತ್ತು ಮರಕ್ಕ ಟೇಪ್ ಸುತ್ತಿದೆ. ಪ್ರತಿ ಸಲ ಟೇಪ್ ಸುತ್ತಿದಾಗೂ ಒಂದರ ಸರಿ ಬರಲಿ ಅಂತ ದೇವರಿಗೆ ಬೇಡಕೋತಿದ್ದೆ. ಒಂದೂ ಬರಲಿಲ್ಲ.

ಮಾವಶಿ ಹಾರಿ ಊರಿ ನಿಂತು ನೋಡಾಕ್ಹತ್ತಿದ್ಲು. "ಬಾಯಿ, ಮರಕ್ಕ ಅಂಗಿ ಹೊಲಿಸಾಕಿ ಏನು?"

ಆಗ ಹೇಳಿದೆ. ಆ ಗೆರಿ ಎಳದಾಕಿ ನಾನ, ಆ ಸಾಲು ಬರದಾಕಿ ನಾನ, ನಿನ್ನ ಬಳ್ಳಿನ್ನ ಮರ ಅಂತ ತಿಳದಿದ್ದೆ ಅಂತ.

ಅಕಿ ಕೇಳಿದ್ಲು. "ಅವತ್ತ ಸಂತ್ಯಾಗ ಯಾಕ ಹೇಳ್ಲಿಲ್ಲ?"

"ಅಂಜಿಕಿ ಆತು."

"ಯಾರದು? ನಾ ಏನು ಹುಲಿ?" ಹಾರಿ ಎತ್ತಿ ಪಕ್ಕದ ಗುಂಡಿಗೆ ಒಂದು ಏಟ ಹಾಕಿದ್ಲು. "ನೀ ಓದಿದಾಕಿ. ಮ್ಯಾಲಿಂದ ನೋಡಿದ್ರ ಎಲಿ ಯಾರದು ಅಂತ ತಿಳಿಯಂಗಿಲ್ಲ ಅನ್ನೂದರ ತಿಳೀಬೇಕಿಲ್ಲ ನಿನಗ? ಕೆಳಗ ಬಂದು ಕೇಳಿದ್ರ ನಾವು ಹೇಳ್ತಿರಲಿಲ್ಲೇನು?"

"ಹಳ್ಳ ತುಂಬಿತ್ತು ಮಾವಶಿ."

"ನಾವು ಆ ಹಳ್ಳ ದಾಟೇ ನಿನಗ ಗೆಡ್ಡಿ ತಂದ ಕೊಡ್ತೇವಿ."

ನಾ ತಲಿ ತಗ್ಗಿಸಿ ಟೇಪ್ ಮಡಚಾಕ್ಹತ್ತಿದೆ. ಸೊಸಿ ಕೊಂಕಣಿ ಬಿಟ್ಟು ಕನ್ನಡದಾಗ "ಅತ್ತಿ, ಬಿಡ್ರಿ ಸಾಕು, ಅಕ್ಕಾರು ಈಗ ಅಳ್ತಾರ" ಅಂದ್ಲು. "ಅಳಲಿ" ಅಂದ್ಲು ಮಾವಶಿ. "ಅತ್ತ ಮ್ಯಾಲೆ ಜೋಯಿಡಾಕ್ಕ ಬಂದು ಇದನ್ನ ಹೇಳ್ಲಿ."

ಮರುದಿನ ಆಫೀಸಿಗೆ ಹೋಗಿ ಅದ ತುಂಡಿನ ಏಪ್ರಿಲ್ ತಿಂಗಳ ಫೋಟೋ ತಗದೆ. ಇಷ್ಟು ದಿನ ಬ್ಯಾಸಗಿ ಫೋಟೋ ಅಂತ ನಾನ ಬದಿಗಿಟ್ಟಿದ್ದು. ಹಳದಿ ಗೆರಿ ಒಳಗ ಕೆಂಪ ಇಲ್ಲ. ಬೂದಿ ಬಣ್ಣದ ನೆಲ, ಸಾಲು ಸಾಲು ಚುಕ್ಕಿ. ಹಲಸು-ಮಾವು ಮೂರು ಅಷ್ಟ ಕೆಂಪಗ. ಹಳೇ ವರ್ಷದ್ದೂ ತಗದೆ, ಅದರ ಹಿಂದಿನದೂ ತಗದೆ. ಪ್ರತಿ ಏಪ್ರಿಲ್ ಬೋಳು, ಪ್ರತಿ ದೀಪಾವಳಿ ದಟ್ಟ. ಕಾಡ ಹಂಗ ಮಾಡಂಗಿಲ್ಲ. ಮನಷ್ಯಾರು ಸಾಗುವಳಿ ಮಾಡಿದ್ರ ಅಷ್ಟ ಹಂಗ ಆಗತೈತಿ. ಸಾಕ್ಷಿ ನಮ್ಮ ಕಂಪ್ಯೂಟರಿನ್ಯಾಗ ಇತ್ತು, ಮೊದಲಿಂದ್ಲೂ.

ಸರ್ ಕರದು ತೋರಿಸಿದೆ. ಕುರ್ಚಿ ಎಳಕೊಂಡು ಕುಂತು ನೋಡಿದ್ರು. ಎರಡು ಸಲ ಮುಂದ ಮಾಡಿ ಹಿಂದ ಮಾಡಿ ನೋಡಿದ್ರು.

"ಗೆಡ್ಡಿ?" ಅಂದ್ರು.

"ಗೆಡ್ಡಿ ರೀ ಸರ್."

"ಸುಡಗಾಡ" ಅಂದ್ರು, ನಮ್ಮ ಸರ್ ಬಾಯಾಗ ನಾ ಅಂಥಾ ಮಾತು ಕೇಳಿದ್ದ ಇಲ್ಲ. ಆಮ್ಯಾಲೆ ಕನ್ನಡಕ ತಗದು ಒರಸಿದ್ರು. "ವರದಿ ಹೋಗಿ ವರ್ಷಾತು ಮೇಡಂ. ಆಫೀಸ್ ಕಡೆಯಿಂದ ನಾ ಈಗ ತಪ್ಪು ಅಂತ ಬರಕೊಟ್ರ ಬಾಗಲಾ ಹಾಕಬೇಕಾಗತೈತಿ."

"ನಾ ಬರಕೊಡ್ಲೇನ್ರಿ? ಗೆರಿ ನಂದು, ಅಕ್ಷರ ನನ್ನವು."

ಸರ್ ಕನ್ನಡಕ ಹಾಕ್ಕೊಂಡ್ರು. "ಬ್ಯಾಡ ಅಂತ ನಾ ಅನ್ನಂಗಿಲ್ಲ. ಹೂಂ ಅಂತನೂ ಅನ್ನಂಗಿಲ್ಲ." ಆದ್ರ ಸಂಜಿಕ ನೋಡ್ತೇನಿ, ಏಪ್ರಿಲ್ ಫೋಟೋ ಅಷ್ಟೂ ದೊಡ್ಡ ಹಾಳಿಯಾಗ ಪ್ರಿಂಟ್ ತಗದು ನನ್ನ ಟೇಬಲ್ ಮ್ಯಾಲೆ ಇಟ್ಟ ಹೋಗಿದ್ರು.

ವಿಚಾರಣಿ ದಿನ ಜೋಯಿಡಾದಾಗ ಒಂದು ಹಾಲಿನ್ಯಾಗ ಜನ ಬಾಗಲಾ ತನಕ ಕುಂತಿದ್ರು. ಮಾವಶಿ ಹೊಸಾ ಸೀರಿ ಉಟ್ಟು, ಬುಟ್ಟಿಯಾಗ ಮಣ್ಣ ಹತ್ತಿದ ಗೆಡ್ಡಿ ತಂದಿದ್ಲು. ಸಾಕ್ಷಿಗಂತ. ವಿಚಾರಣಿ ನಡಸೋ ಸಾಹೇಬ್ರು ಅಕಿ ಹೆಸರ ಕರದ್ರು, ವರದಿ ಓದಿದ್ರು. ಏನ ಹೇಳ್ತಿ ಅಂದ್ರು. ಮಾವಶಿ ನನ್ನ ಪಕ್ಕಡಿಗೆ ತಿವದ್ಲು. ನಾ ಎದ್ದು ನಿಂತೆ.

"ನೀವು ಇವರಿಗೆ ಏನಾಗಬೇಕು?" ಅಂದ್ರು ಸಾಹೇಬ್ರು.

"ಗಿರಾಕಿ ರೀ."

ಹಾಲಿನ್ಯಾಗ ಯಾರೋ ಕಿಸಕ್ಕಂದ್ರು. ಸಾಹೇಬ್ರು ನಗಲಿಲ್ಲ. ನಾ ಪ್ರಿಂಟ್ ಹರವಿ, ಏಪ್ರಿಲ್ ಇಲ್ಲೆ, ದೀಪಾವಳಿ ಇಲ್ಲೆ, ಟೇಪ್ ಹಿಡದು ಅಳದದ್ದು ಇಲ್ಲೆ ಅಂತ ತೋರಿಸಿದೆ. ಈ ಗೆರಿ ಎಳದಾಕಿ ನಾನ, ನಾ ಎಣಿಸಿದ್ದು ಗೆಡ್ಡಿ ಬಳ್ಳಿ, ಮರ ಅಲ್ಲ ಅಂತ ಬರಕೊಂಡ ಹೋಗಿದ್ದೆ, ಅದನ್ನ ಓದಿ ಸಹಿ ಮಾಡಿ ಕೊಟ್ಟೆ.

ಸಾಹೇಬ್ರು ಏಪ್ರಿಲ್ ಹಾಳಿ ದೀಪಾವಳಿ ಹಾಳಿ ಬಾಜೂಕ ಇಟ್ಟು ನೋಡಿದ್ರು. ಆಮ್ಯಾಲೆ ಒಂದ ಪ್ರಶ್ನೆ ಕೇಳಿದ್ರು.

"ಇದೊಂದ ಹಿಂಗಾಗೇತೋ, ನೀವು ಎಳದ ಬಾಕಿ ತುಂಡೂ ಹಿಂಗ ಆಗ್ಯಾವೋ?"

ಹುಚ್ಚಿ ನಾನು, ಹತ್ತು ದಿನದಾಗ ಅದನ್ನ ಯೋಚನಿನ ಮಾಡಿರಲಿಲ್ಲ. ಮಾವಶಿ ಒಬ್ಬಾಕಿ ಕಣ್ಣ ಮುಂದಿದ್ಲು. 'ಸಾಗುವಳಿ ಇಲ್ಲ' ಅಂತ ಅಂಟಿಸಿದ ಆ ಸಾಲು ಎಷ್ಟ ಹಾಳಿಗೆ ಹೋಗೇತಿ ಅಂತ ಅಲ್ಲೆ ನಿಂತಾಗ ನೆನಪಾತು. ಬೆನ್ನ ಹಿಂದ ಹಾಲ ತುಂಬ ಕುಂತವರು ಯಾರು ಅಂತ ಹೊಳ್ಳಿ ನೋಡೋ ಧೈರ್ಯ ಆಗಲಿಲ್ಲ.

"ಗೊತ್ತಿಲ್ರಿ ಸಾಹೇಬ್ರ. ಎಲ್ಲಾನೂ ನಡದ ನೋಡಬೇಕ್ರಿ."

"ನಂದ ಮೊದಲ ಅಂತ ಹೇಳ" ಅಂದ್ಲು ಮಾವಶಿ, ಎಲ್ಲಾರಿಗೂ ಕೇಳಿಸೋ ಪಿಸುಮಾತಿನ್ಯಾಗ.

ಸಾಹೇಬ್ರು ವಜಾ ಮಾಡ್ಲಿಲ್ಲ. ಆ ಊರಿನ ತುಂಡುಗಳನ್ನ ಕಾಲಿಂದ ನಡದು ನೋಡಿ ಬರ್ರಿ, ಈ ಮೇಡಂನೂ ಜೋಡಿ ಕರಕೊಂಡ ಹೋಗ್ರಿ ಅಂತ ಬರದ್ರು.

ಎರಡು ವಾರಕ್ಕ ಒಬ್ಬ ಫಾರೆಸ್ಟ್ ಗಾರ್ಡು, ಒಬ್ಬ ಸರ್ವೇದಾರ, ನಾನು ಕೂಡಿ ಮಾವಶಿ ಹೊಲಕ್ಕ ಹೋದ್ವಿ. ಸರ್ವೇದಾರ ಗುಂಡಿ ನೋಡಿದ, ಬಳ್ಳಿ ಎಳದ ನೋಡಿದ, ಮಾವಶಿ ಅಗದು ತೋರಿಸಿದ ಗೆಡ್ಡಿ ಕೈಯಾಗ ಹಿಡದು "ಏನ ತೂಕ ಐತಲ್ರಿ ಇದು" ಅಂದ. ಹಾಳಿಯಾಗ ಬರದು ಓದಿ ಹೇಳಿದ: ಸಾಗುವಳಿ ಇದೆ, ಮರಗಳನ್ನು ಬಳ್ಳಿಗೆ ಆಸರೆಯಾಗಿ ಉಳಿಸಿಕೊಂಡಿರುತ್ತಾರೆ. ಮಾವಶಿ ಇನ್ನೊಂದ ಸಲ ಓದ ಅಂದ್ಲು. ಓದಿದ. ಮೂರನೇ ಸಲ ಓದ ಅಂದ್ಲು. "ಅಜ್ಜಿ, ಅದ ಐತಿ, ಬದಲಾಗಂಗಿಲ್ಲ" ಅಂದ. ಆಗ ಹೆಬ್ಬಟ್ಟು ಒತ್ತಿದ್ಲು. ಮ್ಯಾಲಿನ ಕಮಿಟಿ ಮುಂದ ಇನ್ನೂ ಹೋಗಬೇಕು, ಆದ್ರ ಆ ಹಾಳಿ ಮ್ಯಾಲೆ ಈಗ ನನ್ನ ಸಾಲು ಇಲ್ಲ.

ಗಾರ್ಡು ಹಾಳಿ ತಿರುವಿ "ನಡೀರಿ, ಮುಂದಿಂದು ಹಳ್ಳದ ಬಾಜೂಕ" ಅಂದ.

ಮಾವಶಿನ್ನ ಕರಕೊಂಡು ಹಳ್ಳದ ಬಾಜೂಕ ಹೋಗಿ ನೋಡಿದ್ರ ಅಲ್ಲೆ ನೆಳ್ಳಿತ್ತು. ಮರಕ್ಕ ಸ್ವಂತ ಟೊಂಗಿ, ಸ್ವಂತ ಎಲಿ. ಬೊಡ್ಡಿಗೆ ಬಳ್ಳಿ ಇಲ್ಲ. ಹೊಸಾ ಮಣ್ಣ ಇಲ್ಲ. ಕಾಲ ಕೆಳಗ ತರಗು ಮೊಣಕಾಲ ತನಕ. ಸರ್ವೇದಾರ ನನ್ನ ಮಾರಿ ನೋಡಿದ. ಒಂದ ಗಳಿಗಿ ನಂಗ, ಇದು ಖರೇನ ಕಾಡ ಐತಿ, ಇದೊಂದರ ಸರಿ ಬರದೇನಿ ಅಂತ ಸಮಾಧಾನ ಆತು. ಆ ಸಮಾಧಾನಕ್ಕ ಈಗಲೂ ನಾಚಿಕಿ ಬರತೈತಿ.

"ಈ ಹೊಲದವರಿಗೆ ಕಾಗದ ಮಳಿಗಾಲದ ಮೊದಲ ಬಂದಿತ್ತು" ಅಂದ್ಲು ಮಾವಶಿ. "ಓದಿಸಿದ್ರು. ನಮ್ಮದಲ್ಲ ಅಂದ ಮ್ಯಾಲೆ ಯಾಕ ಟೊಂಗಿ ಸವರೋದು, ಯಾಕ ಗೆಡ್ಡಿ ಹಾಕೋದು ಅಂತ ಬಿಟ್ರು. ಗಂಡ ಹೆಂಡತಿ ಎರಡೂ ಮಂದಿ ಹಳಿಯಾಳ ಕಡೆ ಕಬ್ಬ ಕಡಿಯಾಕ ಹೋಗ್ಯಾರ."

ನಾ ಹಾಳಿ ಇಸಕೊಂಡು ನೋಡಿದೆ. ಕೆಂಪ ಗುಂಡನ್ನ ತಲಿಗಳು, ಮಾವಶಿ ಹೊಲದಾಗಿನಂಥವ. ನಾ ಬರದಾಗ ಅದು ಸುಳ್ಳಾಗಿತ್ತು. ನಾ ಬರದೆ ಅಂತನ ಖರೆ ಆಗಿತ್ತು.

ಸರ್ವೇದಾರ ಪೆನ್ನ ಹಿಡದು ನಿಂತಿದ್ದ. "ಇಲ್ಲೆ ಏನಂತ ಬರೀಲಿ ಮೇಡಂ? ಕಂಡದ್ದ ಬರೀಬೇಕಲ್ರಿ ನಾ."

"ಹಳೇ ಗುಂಡಿ ಇರತಾವಲ್ಲ" ಅಂದೆ. "ಒಂದ ಮಳಿಗಾಲದಾಗ ಪೂರಾ ಮುಚ್ಚಂಗಿಲ್ಲ. ಅವನ್ನ ಬರೀರಿ."

"ಅಷ್ಟರ ಮ್ಯಾಲೆ ಕಮಿಟಿಯವರು ಒಪ್ತಾರೋ ಇಲ್ಲೋ ನಂಗ ಗೊತ್ತಿಲ್ರಿ."

"ಎಣಿಸೂಣು ಮೊದಲ."

ಸೀರಿ ಸೊಂಟಕ್ಕ ಸಿಗಿಸಿ ಮೊಣಕಾಲ ಊರಿದೆ. ಎರಡೂ ಕೈಲೆ ತರಗು ಸರಿಸಿದೆ. ಬೊಡ್ಡಿ ಬುಡದಾಗ ಮಣ್ಣ ಕುಸದ ತಗ್ಗು ಇತ್ತು, ಅಂಚಿಗೆ ಹೋದ ವರ್ಷದ್ದಲ್ಲ, ಅದರ ಹಿಂದಿನ ವರ್ಷದ ಬಳ್ಳಿ ಕಡ್ಡಿ. ಒಂದು ಅಂದೆ. ಸರ್ವೇದಾರ ಗೀಟ ಹಾಕಿದ. ಮುಂದಿನ ಬೊಡ್ಡಿ. ಎರಡು. ಮೂರು. ಹಂಗ ಮೊಣಕಾಲ ಮ್ಯಾಲೆ ತೆವಳಿಕೋತ ಹೋದೆ, ಗಾರ್ಡೂ ಕೈಯಾಗಿನ ಬೆತ್ತದಿಂದ ತರಗು ಸರಿಸಾಕ ಸುರು ಮಾಡಿದ. ಒಂದು ದೊಡ್ಡ ಗುಂಡಿ ಸಿಕ್ತು, ಹಸಿ ಮಣ್ಣಿಂದು. ನಂಗ ಖುಷಿ ಆಗಿ ಜೋರಾಗಿ ಹನ್ನೆರಡು ಅಂದೆ.

"ಅದು ಹಂದಿ ಅಗದದ್ದು" ಅಂದ್ಲು ಹಿಂದಿಂದ ಮಾವಶಿ. "ಅದನ್ನ ಎಣಿಸಬ್ಯಾಡ."